‘ದಿವಾಳಿ’ ಎನ್ನಬಹುದೇ?

ವಿಷಯ ಫ್ರಾನ್ಸಿನ ವಾಣಿಜ್ಯ ಸಂಹಿತೆಯ ಎಲ್ 631-1ನೇ ವಿಧಿ. ‘ಆಕ್ತಿಫ್ ದಿಸ್ಪೊನೀಬ್ಲ್’ (ಸದ್ಯ ಬಳಸಬಹುದಾದ ಸೊತ್ತು) ಬಳಸಿ ‘ಪಾಸ್ಸಿಫ್ ಎಕ್ಸಿಜೀಬ್ಲ್’ (ಈಗಲೇ ತೀರಿಸಬೇಕಾದ ಬಾಕಿ) ತೀರಿಸಲಾಗದವನು ‘ಸೆಸ್ಸಾಸಿಯೊಂ ದೆ ಪೇಮಾಂ’ (ಪಾವತಿ ನಿಂತ) ಸ್ಥಿತಿಯಲ್ಲಿದ್ದಾನೆ ಎನ್ನುತ್ತದೆ ಅದು. ಈ ಕೊನೆಯ ಮಾತನ್ನು ಕನ್ನಡದಲ್ಲಿ ‘ದಿವಾಳಿ’ ಎನ್ನಬಹುದೇ ಎಂಬುದು ಸಂಶಯ.

ಎನ್ನಬಹುದು ಎಂಬುದು ಪೂರ್ವಪಕ್ಷ. ಮಾತು ಎಲ್ಲರ ಬಾಯಲ್ಲಿದೆ. ದುವ್ವಾಡದ ತೆಲುಗು ಬೀದಿಯಲ್ಲೂ ‘ದಿವಾಲಾ ತೀಶಾಡು’ ಎಂದರೆ ವಿವರಣೆ ಬೇಕಿಲ್ಲ.

ಎನ್ನಬಾರದು ಎಂದು ನನ್ನ ಸಿದ್ಧಾಂತ. ಅದೇ ದುವ್ವಾಡದಲ್ಲಿ, ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ, ಲೇತ್ ಶೆಡ್ ನಡೆಸುವ ಒಬ್ಬನನ್ನು ಊಹಿಸಿಕೊಳ್ಳಿ. ನೆಲ ಅವನದೇ, ಪೇಟೆ ಬೆಲೆ 80 ಲಕ್ಷ. ಬರಬೇಕಾದ ಬಿಲ್ಲಿಗೆ ಇನ್ನೂ ಮೂರು ತಿಂಗಳು. ಖಾತೆಯಲ್ಲಿ 2 ಲಕ್ಷ. ಕಬ್ಬಿಣದ ಅಂಗಡಿಗೆ, ಸಂಬಳಕ್ಕೆ, ಕರೆಂಟಿಗೆ ಈ ವಾರವೇ ಕೊಡಬೇಕಾದ್ದು 9 ಲಕ್ಷ. ನಾವು ಇವನನ್ನು ಸ್ಥಿತಿವಂತ ಎನ್ನುತ್ತೇವೆ. ಫ್ರೆಂಚ್ ಕಾನೂನು ಅವನಿಗೆ ಅನ್ವಯಿಸುವುದಾದರೆ, ಅದರ ಲೆಕ್ಕದಲ್ಲಿ ಮಾರಾಟವಾಗದ ನೆಲ ಇಂದಿನ ಸಾಲಕ್ಕೆ ಬರುವುದಿಲ್ಲ. ಅವನ ಪಾವತಿ ನಿಂತಿದೆ. ನಿಂತ 45 ದಿನಗಳೊಳಗೆ ಅವನು ನ್ಯಾಯಾಲಯದ ಬಾಗಿಲು ತಟ್ಟಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಉದ್ಯಮ ನಡೆಸುವ ಹಕ್ಕಿಗೇ ಕುತ್ತು. ಅನುವಾದದಲ್ಲಿ ‘ದಿವಾಳಿ’ ಎಂದು ಓದಿದವನು ‘ನನಗೆ ನೆಲವಿದೆ, ನಾನೇಕೆ ದಿವಾಳಿ?’ ಎಂದುಕೊಂಡು ಕೂರುತ್ತಾನೆ. ಒಂದು ಪದ ಅವನ 45 ದಿನಗಳನ್ನು ತಿಂದುಹಾಕುತ್ತದೆ. ನನಗೆ ಸಂಕಟವಾಗುವುದು ಇಲ್ಲಿ.

ಇಂಗ್ಲಿಷಿನ ‘ಅಸೆಟ್ಸ್’ ಹುಟ್ಟಿದ್ದು ಹಳೆಯ ಫ್ರೆಂಚಿನ ‘ಸಾಕಷ್ಟು’ ಎಂಬ ಅರ್ಥದ ಪದದಿಂದ: ಸಾಲ ತೀರಿಸಲು ಸಾಕಾಗುವಷ್ಟು. ನಮ್ಮ ‘ಆಸ್ತಿ’ಯಲ್ಲಿ ಕೇಳಿಸುವುದು ‘ಇದೆ’ ಎಂಬುದಷ್ಟೇ. ಇರುವುದು ಬೇರೆ, ಹೊತ್ತಿಗೆ ಒದಗುವುದು ಬೇರೆ. ಆದ್ದರಿಂದ ‘ಆಕ್ತಿಫ್ ದಿಸ್ಪೊನೀಬ್ಲ್’ಗೆ ‘ಒದಗುವ ಆಸ್ತಿ’, ‘ಪಾಸ್ಸಿಫ್ ಎಕ್ಸಿಜೀಬ್ಲ್’ಗೆ ‘ವಾಯಿದೆ ತುಂಬಿದ ಸಾಲ’, ಇಡೀ ಸ್ಥಿತಿಗೆ ‘ಪಾವತಿ ನಿಲುಗಡೆ’ ಎನ್ನೋಣ.

ಬ್ಯಾಂಕಿನವರ ‘ಸುಸ್ತಿ’ ಇದೆಯಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ. ನಮ್ಮ 2016ರ ದಿವಾಳಿ ಸಂಹಿತೆಯೂ ಸುಸ್ತಿಯಿಂದಲೇ ಶುರುವಾಗುತ್ತದೆ; 2020ರಲ್ಲಿ ಅದರ ಕನಿಷ್ಠ ಮೊತ್ತ 1 ಲಕ್ಷದಿಂದ 1 ಕೋಟಿಗೇರಿತು. ಆದರೆ ಸುಸ್ತಿ ಒಂದು ಸಾಲದ, ಒಂದು ಕಂತಿನ ಮಾತು. ಜಗಳವಾಡಿ ಒಂದು ಕಂತು ತಡೆಹಿಡಿದವನೂ ಸುಸ್ತಿದಾರನೇ. ಫ್ರೆಂಚ್ ವಿಧಿ ತೂಗುವುದು ಎರಡೂ ತಟ್ಟೆಗಳನ್ನು ಇಡಿಯಾಗಿ.

ಮೌಲ್ಯಮಾಪಕನೇ ಆ ನೆಲಕ್ಕೆ 80 ಲಕ್ಷ ಎಂದು ಬರೆದುಕೊಟ್ಟಿರುವಾಗ ಅದನ್ನು ಬಿಡುವುದು ಅನ್ಯಾಯವಲ್ಲವೇ? ಬಿಡುವುದಿಲ್ಲ. ಉದ್ಯಮವನ್ನು ಉಳಿಸಬಹುದೇ ಎಂದು ನೋಡುವಾಗ ಆ ಬೆಲೆಗೆ ಅದರ ಜಾಗವಿದೆ. ಸೋಮವಾರದ ಸಂಬಳವನ್ನು ಮಾತ್ರ ಅದು ಕೊಡಲಾರದು.

ಹಾಗಾದರೆ ‘ಒದಗುವ ಆಸ್ತಿ’ಯ ಬದಲು ‘ನಗದು’ ಎಂದರೆ ಸಾಲದೇ ಎಂಬುದು ಕೊನೆಯ ಆಕ್ಷೇಪ. ಸಾಲದು. ಬ್ಯಾಂಕು ಮಂಜೂರು ಮಾಡಿದ, ಇನ್ನೂ ಎತ್ತದ ಓವರ್‌ಡ್ರಾಫ್ಟ್ (ಓಡಿ) ಇದ್ದರೆ, ಸಾಲ ಕೊಟ್ಟವರು ವಾಯಿದೆ ಮುಂದೂಡಿದ್ದರೆ, ಅದನ್ನು ತೋರಿಸಿ ನಿಲುಗಡೆಯಿಂದ ಪಾರಾಗಲು ಆ ವಿಧಿಯೇ ಅವಕಾಶ ಕೊಟ್ಟಿದೆ. ಓಡಿಯ ಹಣ ಲೇತ್ ಶೆಡ್ಡಿನವನ ನಗದಲ್ಲ, ಅವನ ಸೊತ್ತೂ ಅಲ್ಲ; ಆದರೆ ಆ ಸೋಮವಾರಕ್ಕೆ ಅದು ಒದಗುತ್ತದೆ.