ಹೊರಟ ಮಕ್ಕಳೂ ಹೆತ್ತವರ ಕಳವಳವೂ



ಮಕ್ಕಳಿಲ್ಲದವರ ಚಿಂತೆ ಒಂದು ಬಗೆಯದು. ಮಕ್ಕಳಿದ್ದವರ ಚಿಂತೆ ನೂರು ಬಗೆಯದು. ನಂಜನಗೂಡು ಸೀಮೆಯ ಹೆಮ್ಮರಗಾಲದ ಹೆಸರು ಕೇಳಿದೊಡನೆ ಅಲ್ಲಿಯ ಸಂತಾನ ವೇಣುಗೋಪಾಲಸ್ವಾಮಿಯ ಗುಡಿ ನೆನಪಿಗೆ ಬರುವುದು. ಮಡಿಲು ತುಂಬಲೆಂದು ಹರಕೆ ಹೊತ್ತ ದಂಪತಿಗಳು ಅಲ್ಲಿಗೆ ಬರುತ್ತಾರೆ. ಮಡಿಲು ತುಂಬಿ ಇಪ್ಪತ್ತು ಇಪ್ಪತ್ತೈದು ವರ್ಷ ಕಳೆದ ಮನೆಗಳಲ್ಲಿಯಾದರೋ ಬೇರೊಂದು ಪ್ರಾರ್ಥನೆ ನಡೆದಿರುತ್ತದೆ. ಹೇಳದೆ ಹೊರಟ ಮಗನು ಕ್ಷೇಮವಾಗಿ ಮನೆ ಸೇರಲಿ, ದೂರದ ಊರಿನಲ್ಲಿರುವ ಮಗಳು ರಾತ್ರಿಯ ಪಯಣ ಮಾಡದಿರಲಿ ಎಂಬುದೇ ಆ ಪ್ರಾರ್ಥನೆ. ಬೇಡಿ ಪಡೆದ ಮಕ್ಕಳು ಬೆಳೆದು ಹೊಸ್ತಿಲು ದಾಟುವಾಗ ಹೆತ್ತ ಕರುಳು ಹೇಗೆ ನಡೆದುಕೊಳ್ಳಬೇಕು? ಶರಣರ ಬಾಳಿನಲ್ಲಿ ಇದಕ್ಕೆ ಉತ್ತರವುಂಟು.

ಹಿಂದಿನ ಕಾಲದಲ್ಲಿ ಪ್ರಯಾಣವೆಂಬುದು ಮನೆಯವರೆಲ್ಲ ಕೂಡಿ ಮಾಡುವ ಕಾರ್ಯವಾಗಿತ್ತು. ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲುನಡಿಗೆಯಲ್ಲಿ ಹೊರಡಬೇಕಾದರೆ ಜೊತೆಗಾರರು ಕೂಡಬೇಕು, ಹೊಲದ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬೇಕು, ಬುತ್ತಿ ಕಟ್ಟಬೇಕು, ಹಿರಿಯರ ಪಾದಕ್ಕೆರಗಿ ಅಪ್ಪಣೆ ಪಡೆಯಬೇಕು. ಈ ಸಿದ್ಧತೆಯ ನಾಲ್ಕಾರು ದಿನಗಳಲ್ಲಿ ಉತ್ಸಾಹದ ಸಂಗಡ ವಿವೇಕವೂ ಮನಸ್ಸಿನೊಳಗೆ ಸೇರುತ್ತಿತ್ತು. ಇಂದು ಅಂಗೈಯಲ್ಲಿರುವ ಮೊಬೈಲಿನಲ್ಲಿಯೇ ಟಿಕೇಟು, ತಂಗುವ ಕೋಣೆ, ಕೊಡಬೇಕಾದ ಹಣ ಎಲ್ಲವೂ ಮುಗಿಯುತ್ತವೆ. ರಾತ್ರಿ ಊಟಕ್ಕೆ ಕುಳಿತಾಗ ಇಲ್ಲದಿದ್ದ ಪ್ರಯಾಣವು ಕೈತೊಳೆಯುವಷ್ಟರಲ್ಲಿ ನಿಶ್ಚಯವಾಗಿರುತ್ತದೆ. ಕೋಳಿ ಕೂಗುವ ಮೊದಲೇ ಮೋಟಾರು ಸೈಕಲ್ಲು ಬೀದಿಯ ತಿರುವು ದಾಟಿರುತ್ತದೆ. ಒಬ್ಬನು ಉದಕಮಂಡಲಕ್ಕೆ, ಒಬ್ಬನು ಹಿಮಾಲಯದ ಕಣಿವೆಗೆ, ಮತ್ತೊಬ್ಬನು ಇದ್ದ ಕೆಲಸವನ್ನೇ ಬಿಟ್ಟು ಕಾಣದ ದೇಶಕ್ಕೆ. ತಾಯಿಗೆ ತಿಳಿಯುವುದು ಹಾಸಿಗೆ ಬರಿದಾಗಿರುವುದನ್ನು ಕಂಡ ಮೇಲೆ.

ಹೀಗೆ ಹೊರಡುವುದೆಲ್ಲವೂ ಕೆಟ್ಟದ್ದೆಂದು ಹೇಳಲಾಗದು. ಬಾಗೇವಾಡಿಯ ಬಸವಣ್ಣನು ಮನೆಯನ್ನು ಬಿಟ್ಟು ಕೂಡಲಸಂಗಮಕ್ಕೆ ನಡೆದನು. ಉಡುತಡಿಯ ಮಹಾದೇವಿಯಕ್ಕನು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದಳು. ಕಾಶ್ಮೀರದ ಅರಸನಾಗಿದ್ದವನು ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು, ಸೌದೆ ಮಾರಿ ಬದುಕುವ ಮೋಳಿಗೆಯ ಮಾರಯ್ಯನಾದನೆಂದು ಶರಣಪುರಾಣಗಳು ಹೇಳುತ್ತವೆ. ಚಲಿಸುವುದಕ್ಕೆ ಜಂಗಮವೆಂದು ಹೆಸರಿಟ್ಟು ಪೂಜಿಸಿದ ಧರ್ಮವು ಪಯಣವನ್ನು ಹೇಗೆ ಹಳಿದೀತು? ದೇಶ ಸುತ್ತು, ಕೋಶ ಓದು ಎಂದು ನಾಡಿನ ಗಾದೆಯೂ ಹೇಳುವುದಷ್ಟೆ. ಆದುದರಿಂದ ಹೊರಟದ್ದು ಸರಿಯೇ ತಪ್ಪೇ ಎಂಬುದಕ್ಕಿಂತ ಯಾವ ಭಾವದಿಂದ ಹೊರಟರು, ಯಾವ ಅರಿವಿನಿಂದ ಮರಳಿದರು ಎಂಬುದೇ ಇಲ್ಲಿ ವಿಚಾರಣೀಯ.

ಈ ವಿಚಾರಕ್ಕೆ ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಗಿಂತ ಉತ್ತಮವಾದ ದೃಷ್ಟಾಂತವಿಲ್ಲ. ರಾಘವಾಂಕ ಕವಿಯು ಅದನ್ನು ವಿಸ್ತಾರವಾಗಿ ಹೇಳಿದ್ದಾನೆ. ಮುದ್ದುಗೌಡ ಸುಗ್ಗವ್ವೆಯರ ಮಗನಾದ ಆ ಬಾಲಕನು ಹೆಚ್ಚು ಮಾತನಾಡದವನು, ಲೋಕದವರ ಕಣ್ಣಿಗೆ ಮುಗ್ಧನು. ಹೊಲದಲ್ಲಿದ್ದ ಅವನ ಬಳಿಗೆ ಶಿವನು ಜಂಗಮರೂಪಿನಿಂದ ಬಂದು ತನ್ನ ಹೆಸರು ಮಲ್ಲಯ್ಯನೆಂದು ಹೇಳಿ, ಮಜ್ಜಿಗೆಯನ್ನವನ್ನು ಬೇಡಿದನು. ಬಾಲಕನು ಮನೆಗೆ ಓಡಿದನು. ತಾಯಿಯಿಂದ ಪಡೆದು ಹೊಲಕ್ಕೆ ಮರಳಿದನು. ಮಲ್ಲಯ್ಯನು ಅಲ್ಲಿರಲಿಲ್ಲ. ಮಲ್ಲಯ್ಯಾ ಎಂದು ಕೂಗುತ್ತ ಅಳುತ್ತ ಅಲೆದ ಅವನಿಗೆ ಶ್ರೀಶೈಲಕ್ಕೆ ಹೋಗುವ ಯಾತ್ರಿಕರು ಎದುರಾಗಿ, ಬಾ, ನಿನಗೆ ಮಲ್ಲಯ್ಯನನ್ನು ತೋರಿಸುವೆವೆಂದರು. ಬಾಲಕನು ಮರುಮಾತಾಡದೆ ಅವರೊಡನೆ ಹೊರಟೇಹೋದನು.

ಇತ್ತ ಮಜ್ಜಿಗೆಯನ್ನ ಕೊಟ್ಟು ಕಳುಹಿಸಿದ ತಾಯಿಯ ಸ್ಥಿತಿಯನ್ನು ಭಕ್ತರು ಒಂದು ಕ್ಷಣ ನೆನೆಯಬೇಕು. ಹೊತ್ತು ಮುಳುಗಿತು, ದನಗಳು ಕೊಟ್ಟಿಗೆಗೆ ಬಂದವು, ಮಗನು ಬರಲಿಲ್ಲ. ಶ್ರೀಶೈಲದ ಮಹಿಮೆಯನ್ನು ಹಾಡುವವರು ಸೊನ್ನಲಿಗೆಯ ಆ ಒಲೆಯ ಮುಂದಿನ ಮೌನವನ್ನು ಮರೆಯಬಾರದು. ಅವಳ ಕಳವಳವು ಹುಸಿಯೂ ಆಗಿರಲಿಲ್ಲ. ಶ್ರೀಶೈಲದಲ್ಲಿ ಯಾತ್ರಿಕರು ತೋರಿಸಿದ ಲಿಂಗವನ್ನು ಕಂಡು, ಇವನು ನನ್ನೊಡನೆ ಮಾತನಾಡಿದ ಮಲ್ಲಯ್ಯನಲ್ಲವೆಂದು ಹಂಬಲಿಸಿದ ಬಾಲಕನು ಕಡೆಗೆ ಕಮರಿಗೆ ಬೀಳಲು ಹೋದನು. ಶಿವನು ಕೈಹಿಡಿದು ರಕ್ಷಿಸಿದನು. ಪರಮಭಕ್ತಿಯಿಂದ ಹೊರಟವನಿಗೂ ದಾರಿಯಲ್ಲಿ ಕಮರಿ ಇತ್ತೆಂಬುದನ್ನು ಕವಿಯು ಮರೆಮಾಡಲಿಲ್ಲ. ಹಾಗಿರುವಲ್ಲಿ ಹೆತ್ತವರ ಭಯವನ್ನು ಅಜ್ಞಾನವೆಂದು ನಗುವುದು ಮಕ್ಕಳಿಗೆ ತರವಲ್ಲ.

ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಸೊನ್ನಲಿಗೆಗೆ ಮರಳಿ ಅದನ್ನೇ ಶ್ರೀಶೈಲವನ್ನಾಗಿ ಮಾಡೆಂದು ಶಿವನು ಅಪ್ಪಣೆ ಕೊಟ್ಟನು. ಸಿದ್ಧರಾಮನು ಮರಳಿದನು, ಕೆರೆಯನ್ನು ಕಟ್ಟಿಸಿದನು, ಗುಡಿಗಳನ್ನೆತ್ತಿಸಿದನು. ಇಂದು ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರದಲ್ಲಿ ಆ ಕೆರೆಯೂ ಸಿದ್ಧೇಶ್ವರನ ಗುಡಿಯೂ ಇವೆ. ಸಂಕ್ರಾಂತಿಯಲ್ಲಿ ದೊಡ್ಡ ಜಾತ್ರೆ ನಡೆಯುತ್ತದೆ. ಹೋದವನು ಊರಿಗೆ ನೀರು ತಂದನೆಂಬುದೇ ಆ ಹೋಗುವಿಕೆಯ ಸಾರ್ಥಕ್ಯ. ಸುತ್ತಿ ಬಂದ ಮಗನು ಮನೆಗೆ ಏನನ್ನು ತಂದನು? ಹೊಸ ತಿಳಿವಳಿಕೆಯನ್ನೇ, ಕೂಡಿಬಾಳುವ ಗುಣವನ್ನೇ, ಅಥವಾ ಬರಿಯ ಭಾವಚಿತ್ರಗಳನ್ನೂ ಸಾಲವನ್ನೂ ಮಾತ್ರವೇ? ಈ ಪ್ರಶ್ನೆಯನ್ನು ಮಕ್ಕಳು ತಮಗೆ ತಾವೇ ಕೇಳಿಕೊಳ್ಳಬೇಕು.

ಸಿದ್ಧರಾಮನು ಎರಡನೆಯ ಬಾರಿಯೂ ಊರು ಬಿಟ್ಟನು. ಆಗ ಅವನು ಬಾಲಕನಲ್ಲ, ಹೆಸರುವಾಸಿಯಾದ ಯೋಗಿ. ಅಲ್ಲಮಪ್ರಭುವು ಸೊನ್ನಲಿಗೆಗೆ ಬಂದು, ಕೆರೆ ಗುಡಿಗಳ ಕಾರ್ಯದಲ್ಲಿಯೇ ನಿಂತುಹೋದ ಅವನನ್ನು ಮಾತಿನಿಂದ ಕೆಣಕಿದನು. ವಾದ ನಡೆಯಿತು, ಸಂಶಯ ಎದ್ದಿತು, ಸಂಶಯ ಕಳೆಯಿತು. ಆ ಬಳಿಕವೇ ಸಿದ್ಧರಾಮನು ಪ್ರಭುವಿನೊಡನೆ ಕಲ್ಯಾಣಕ್ಕೆ ನಡೆದು ಚೆನ್ನಬಸವಣ್ಣನಿಂದ ದೀಕ್ಷೆ ಪಡೆದನು. ಮೊದಲನೆಯ ಪಯಣ ಭಾವದ ಹೊಳೆಯಲ್ಲಿ ತೇಲಿದ್ದು. ಎರಡನೆಯದು ಪ್ರಶ್ನೆಯ ಸೇತುವೆಯ ಮೇಲೆ ನಡೆದದ್ದು. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗಲೂ ಶರಣರು ಅವಳನ್ನು ಹಿಂದಕ್ಕೆ ಕಳುಹಲಿಲ್ಲ, ಕೇಳದೆ ಒಳಗೆ ಕರೆದುಕೊಳ್ಳಲೂ ಇಲ್ಲ. ಪ್ರಭುವು ಪ್ರಶ್ನಿಸಿದನು, ಅವಳು ಉತ್ತರಿಸಿದಳು, ಆಮೇಲೆ ಎಲ್ಲರೂ ಅಕ್ಕನೆಂದು ಗೌರವಿಸಿದರು. ಬೆಳೆದ ಮಕ್ಕಳೊಡನೆ ವ್ಯವಹರಿಸುವ ಮರ್ಮವು ಇಲ್ಲಿಯೇ ಇದೆ. ತಡೆಯುವುದೂ ಅಲ್ಲ, ಕೈಬಿಡುವುದೂ ಅಲ್ಲ, ಪ್ರೀತಿಯಿಂದ ಪ್ರಶ್ನಿಸುವುದು.

ಷಟ್‌ಸ್ಥಲದಲ್ಲಿ ಭಕ್ತನಿಗೆ ಶ್ರದ್ಧಾಭಕ್ತಿ, ಮಹೇಶನಿಗೆ ನಿಷ್ಠಾಭಕ್ತಿ, ಪ್ರಸಾದಿಗೆ ಅವಧಾನಭಕ್ತಿ ಎಂದು ಹೇಳಿದೆ. ಅವಧಾನವೆಂದರೆ ಎಚ್ಚರ. ಕೈಗೆ ಬಂದುದನ್ನು ಬಂದಂತೆಯೇ ಬಾಯಿಗೆ ಹಾಕದೆ, ಲಿಂಗಕ್ಕೆ ಅರ್ಪಿಸಿ, ಅರಿತು ಸ್ವೀಕರಿಸುವವನು ಪ್ರಸಾದಿ. ಈ ತತ್ತ್ವವು ತಟ್ಟೆಯ ಅನ್ನಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಮನಸ್ಸಿಗೆ ಬಂದ ಆಸೆಗೂ ಸಂಬಂಧಿಸಿದುದು. ಹೋಗಬೇಕೆಂಬ ಆಸೆ ಹುಟ್ಟಿದೊಡನೆ ಹೊರಡದೆ, ಒಂದು ರಾತ್ರಿ ಅದನ್ನು ಲಿಂಗದ ಮುಂದಿಟ್ಟು, ಬೆಳಿಗ್ಗೆ ಪೂಜೆಯಾದ ಮೇಲೂ ಅದು ಉಳಿದಿದ್ದರೆ ಹೊರಡುವುದು ಅವಧಾನದ ಲಕ್ಷಣ.

ನಂಜನಗೂಡು ಗುಂಡ್ಲುಪೇಟೆಗಳ ಮಾರ್ಗವಾಗಿ ಉದಕಮಂಡಲಕ್ಕೆ ಹೋಗುವ ಹೆದ್ದಾರಿಯು ಬಂಡೀಪುರದ ಕಾಡನ್ನು ಹಾಯುತ್ತದೆ. ವನ್ಯಮೃಗಗಳ ರಕ್ಷಣೆಗಾಗಿ 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ತಡೆಯುಂಟು. ಆ ಗೇಟು ಗೋಡೆಯಲ್ಲ, ಬೆಳಗಾದೊಡನೆ ತೆರೆಯುತ್ತದೆ. ತಂದೆತಾಯಿಗಳ ಮಾತು ಆ ಗೇಟಿನಂತಿರಬೇಕು. ಕತ್ತಲೆಯ ಹೊತ್ತಿನ ಆತುರವನ್ನು ತಡೆಯಬೇಕು. ಹಗಲಿನ ನಿಶ್ಚಯಕ್ಕೆ ದಾರಿ ಬಿಡಬೇಕು.

ಹಲವು ಮನೆಗಳಲ್ಲಿ ಈ ಗೇಟು ಗೋಡೆಯಾಗಿಬಿಟ್ಟಿದೆ. ಮಗನು ಬಾಯಿ ತೆರೆಯುವ ಮೊದಲೇ ತಂದೆಯು ಬೇಡವೆನ್ನುತ್ತಾನೆ. ಮಗನಾದರೋ ದುಡಿಯುವವನು, ಕೈಯಲ್ಲಿ ಹಣವುಳ್ಳವನು. ಅವನು ನಿಲ್ಲುವುದಿಲ್ಲ; ಹೇಳುವುದನ್ನು ನಿಲ್ಲಿಸುತ್ತಾನೆ. ಮೈಸೂರಿನಲ್ಲಿರುವೆನೆಂದು ಹೇಳಿ ಮಲೆಯ ಮೇಲಿರುತ್ತಾನೆ. ದಾರಿಯಲ್ಲಿ ಅಪಾಯವೊದಗಿದರೆ ಮನೆಯವರಿಗೆ ಅವನಿರುವ ದಿಕ್ಕೇ ತಿಳಿಯದು. ಎಷ್ಟು ಹರದಾರಿ ಹೋದರೂ ಮಗನು ಮನೆಯವನೇ. ಮೊದಲ ಸುಳ್ಳಿನಿಂದ ಮಾತ್ರ ಅವನು ನಿಜವಾಗಿ ದೂರವಾಗುತ್ತಾನೆ. ಆದುದರಿಂದ ತಂದೆತಾಯಿಗಳು ಕಾಯಬೇಕಾದದ್ದು ಮಗನ ಕಾಲನ್ನಲ್ಲ, ಮಗನು ಸತ್ಯ ಹೇಳಬಹುದಾದ ಮನೆಯ ವಾತಾವರಣವನ್ನು. ತಮ್ಮ ಭಯದಲ್ಲಿ ಮಗನ ಕ್ಷೇಮದ ಪಾಲೆಷ್ಟು, ನಾಲ್ಕು ಜನ ಏನೆಂದಾರೆಂಬ ಅಂಜಿಕೆಯ ಪಾಲೆಷ್ಟು ಎಂಬುದನ್ನೂ ಅವರು ಶೋಧಿಸಿಕೊಳ್ಳಬೇಕು. ಮೊದಲನೆಯದು ಮಮತೆ, ಎರಡನೆಯದು ಅಹಂಕಾರದ ನೆರಳು. ಮಗಳು ಹೊರಟಾಗ ಈ ಶೋಧನೆ ಇಮ್ಮಡಿಯಾಗಿ ಬೇಕು.

ಮಕ್ಕಳಿಗೂ ಒಂದು ಆಚಾರವುಂಟು. ಎಲ್ಲಿಗೆ, ಯಾರೊಡನೆ, ಎಂದಿಗೆ ಮರಳುವುದು ಎಂಬ ಮೂರು ಮಾತುಗಳನ್ನು ಹೇಳಿ ಹೊರಡುವುದು ಅಪ್ಪಣೆ ಬೇಡುವ ದೈನ್ಯವಲ್ಲ. ಉಂಡ ಮನೆಗೆ ಸಲ್ಲಿಸುವ ಗೌರವ. ಮುಟ್ಟಿದೊಡನೆ ಕ್ಷೇಮವೆಂದು ಒಂದು ಮಾತು ತಿಳಿಸುವುದಕ್ಕೆ ಅರೆನಿಮಿಷ ಸಾಕು. ಆ ಅರೆನಿಮಿಷವಿಲ್ಲದೆ ತಾಯಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಕಾಯಕವನ್ನು ನಡುವೆ ಬಿಟ್ಟು ಹೊರಡುವುದಾದರೆ ಅದನ್ನು ಹೊರುವವರು ಯಾರೆಂಬುದನ್ನೂ ಯೋಚಿಸಬೇಕು. ಒಬ್ಬನ ವಿಹಾರವು ಇನ್ನೊಬ್ಬನ ಹೆಗಲಿನ ಹೊರೆಯಾಗಬಾರದು.

ಇಷ್ಟೆಲ್ಲ ಮಾಡಿಯೂ ಕಳವಳವು ಪೂರ್ಣವಾಗಿ ಹೋಗದು, ಹೋಗಬೇಕಾಗಿಯೂ ಇಲ್ಲ. ಆದರೆ ಶರಣಧರ್ಮದ ಗೃಹಸ್ಥನಿಗೆ ಒಂದು ವಿಶೇಷವಾದ ಧೈರ್ಯವುಂಟು. ಅವನ ಮಗನು ದೇವರನ್ನು ಊರ ಗುಡಿಯಲ್ಲಿ ಬಿಟ್ಟು ಹೊರಡುವವನಲ್ಲ. ಇಷ್ಟಲಿಂಗವು ಅವನ ಎದೆಯ ಮೇಲಿದೆ. ಅವನು ತಂಗಿದೆಡೆಯೇ ಪೂಜಾಸ್ಥಾನ. ಚಿಕ್ಕಂದಿನಲ್ಲಿ ದಿನಕ್ಕೊಂದು ಗಳಿಗೆ ಅಂಗೈಯಲ್ಲಿ ದೃಷ್ಟಿಯಿಟ್ಟು ಕುಳಿತುಕೊಳ್ಳುವುದನ್ನು ಕಲಿಸಿದ ತಂದೆತಾಯಿಗಳು ಮಗನ ಜೊತೆಗೆ ಕಾವಲುಗಾರನನ್ನು ಕಳುಹಿಸಬೇಕಾಗಿಲ್ಲ. ಅರಿವೇ ಕಾವಲಾಗಿ ನಡೆಯುತ್ತದೆ. ಆ ಗಳಿಗೆಯನ್ನು ಕಲಿಸದ ಮನೆಯು ಹೊರಡುವ ದಿನ ಬಾಗಿಲಲ್ಲಿ ನಿಂತು ಎಷ್ಟು ಕೂಗಿದರೂ ಫಲವಿಲ್ಲ. ಬುತ್ತಿ ಕಟ್ಟುವ ಕೆಲಸ ಹೊರಡುವ ದಿನದ್ದಲ್ಲ, ಇಪ್ಪತ್ತು ವರ್ಷದ್ದು.

ಸುಗ್ಗವ್ವೆಯು ಮಗನನ್ನು ನಿಲ್ಲಿಸಲಾರದೆ ಹೋದಳು. ಆದರೆ ಮಗನು ಹಸಿದ ಜಂಗಮನಿಗೆಂದು ಓಡಿಬಂದಾಗ ಕೊಡುವುದಕ್ಕೆ ಅವಳ ಮನೆಯಲ್ಲಿ ಅನ್ನವಿತ್ತು, ಮಜ್ಜಿಗೆಯಿತ್ತು, ಇಲ್ಲವೆನ್ನದ ಕೈಯಿತ್ತು. ಕೊಡುವ ಆ ಗುಣವೇ ಮುಂದೆ ಸೊನ್ನಲಿಗೆಯ ಕೆರೆಯಾಯಿತು. ಹೊರಟಿರುವ ಮಕ್ಕಳೆಲ್ಲರ ದಾರಿಯು ಸುಗಮವಾಗಲಿ. ಕಾದಿರುವ ಹೆತ್ತವರ ಮನಸ್ಸು ನೆಮ್ಮದಿಗೊಳ್ಳಲಿ. ಮರಳಿ ಬಂದವರಿಗೆ ಬೈಗುಳಕ್ಕಿಂತ ಮೊದಲು ಅನ್ನವಿಕ್ಕುವ ಬುದ್ಧಿಯನ್ನು ಶಿವನು ಮನೆಮನೆಗೂ ಕೊಡಲಿ.