ಬೈದು ಕಲಿಸುವುದು

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಆಸ್ಪತ್ರೆಯ ಕೆಲಸ ಹೊಸತಲ್ಲ. ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಮಿಷನ್ ಆಸ್ಪತ್ರೆ ತೆರೆದರು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದರು. 1990ರಲ್ಲಿ ಅಲ್ಲಿ ನರ್ಸಿಂಗ್ ಕಾಲೇಜೂ ಬಂತು. ಕಾಪು, ಕಾರ್ಕಳದ ಎಷ್ಟೋ ಮನೆಗಳ ಮಗಳು ಇಂದು ನರ್ಸ್. ಅವಳ ಸಂಬಳ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಕಲಿಯುವಾಗ ವಾರ್ಡಿನಲ್ಲಿ ಏನೇನು ಕೇಳಿಸಿಕೊಂಡಳೆಂದು ವಿಚಾರಿಸುವವರು ಕಡಿಮೆ.

ದೂರದ ಊರೊಂದರಲ್ಲಿ ನರ್ಸಿಂಗ್ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿ ರಜೆಯಲ್ಲಿ ಮನೆಗೆ ಬಂದಿದ್ದಳು. "ಕೆಲಸ ಎಷ್ಟಿದ್ದರೂ ಮಾಡಬಹುದು ಟೀಚರ್. ರೋಗಿಗಳ ಎದುರೇ 'ನಿನಗೆ ಯಾರು ಸೀಟು ಕೊಟ್ಟದ್ದು?' ಅಂತ ಕೇಳುತ್ತಾರೆ. ಮತ್ತೆ ಆ ಅಜ್ಜಿ ನನ್ನ ಕೈಯಿಂದ ಮಾತ್ರೆ ತೆಗೆದುಕೊಳ್ಳಲಿಕ್ಕೇ ಹೆದರುತ್ತಾರೆ" ಎಂದಳು.

ಹಿರಿಯರನ್ನು ಕೇಳಿದರೆ "ನಾವೂ ಹೀಗೇ ಕಲಿತವರು" ಎನ್ನುತ್ತಾರೆ. ಅತ್ತೆಯಿಂದ ಪಟ್ಟ ಪಾಡನ್ನು ಸೊಸೆಗೆ ಬಡ್ಡಿಸಮೇತ ತೀರಿಸುವ ಮನೆಗಳನ್ನು ಕಂಡ ನಮಗೆ ಈ ಮಾತು ಹೊಸತೇ? ಹಿರಿಯ ನರ್ಸುಗಳ ಕಷ್ಟವೂ ಸಣ್ಣದಲ್ಲ. ಒಬ್ಬರ ಮೇಲೆ ಇಡೀ ವಾರ್ಡಿನ ಭಾರ, ಮೇಲಿನವರ ಸಿಡುಕು, ರೋಗಿಯ ಕಡೆಯವರ ಅವಸರ. ಆದರೆ ದಣಿವು ಕಾರಣವಾದೀತು, ನ್ಯಾಯವಾಗದು.

ತಪ್ಪು ಮದ್ದಿನತ್ತ ಹೋದ ಕೈಯನ್ನು ಗಟ್ಟಿ ದನಿಯಲ್ಲೇ ತಡೆಯಬೇಕು. ಅದು ಅಪಮಾನವಲ್ಲ. ತಪ್ಪನ್ನು ಬಿಟ್ಟು ಹುಡುಗಿಯ ಊರು, ಭಾಷೆ, ಮನೆತನವನ್ನು ಎತ್ತಿದಾಗ ಅಪಮಾನ ಶುರುವಾಗುತ್ತದೆ. ಮದ್ದು ಕೊಡುವ ಮೊದಲು ರೋಗಿ, ಔಷಧ, ಪ್ರಮಾಣ, ಕೊಡುವ ವಿಧಾನ, ಹೊತ್ತು, ಈ 5 ಸರಿಯಾಗಿವೆಯೇ ಎಂದು ನೋಡಲು ಅವರಿಗೆ ಕಲಿಸುತ್ತಾರೆ. ಒಂದರಲ್ಲಿ ಸಂಶಯ ಬಂದರೂ ಹಿರಿಯರನ್ನು ಕೇಳಬೇಕು. ಕೇಳಿದ್ದಕ್ಕೆ ಒಮ್ಮೆ ಎಲ್ಲರೆದುರು ನಗೆಪಾಟಲಾದವಳು ಮತ್ತೆ ಬಾಯಿ ತೆರೆದಾಳೆಯೇ? ಇಷ್ಟು ವರ್ಷ ತರಗತಿಯಲ್ಲಿ ನಿಂತು ನಾನು ಕಂಡುಕೊಂಡದ್ದಿಷ್ಟು: ಹೆದರಿದ ಮಗು ತಪ್ಪು ಮಾಡುವುದನ್ನು ಬಿಡುವುದಿಲ್ಲ, ತೋರಿಸುವುದನ್ನು ಬಿಡುತ್ತದೆ. ಶಾಲೆಯಲ್ಲಿ ಬಚ್ಚಿಟ್ಟ ತಪ್ಪಿಗೆ ಎರಡು ಅಂಕ ಹೋದೀತು. ವಾರ್ಡಿನಲ್ಲಿ ಒಂದು ಜೀವವೇ ಹೋದೀತು.

ಮಗಳು ಅತ್ತುಕೊಂಡು ಫೋನು ಮಾಡಿದರೆ "ಹೊಂದಿಕೊಂಡು ಹೋಗು" ಎಂದಷ್ಟೇ ಹೇಳಿ ಮುಗಿಸಬಾರದು. ನಡೆದದ್ದನ್ನು ದಿನ, ಹೊತ್ತು ಸಹಿತ ಬರೆದಿಟ್ಟು, ತನ್ನ ಅಧ್ಯಾಪಕಿಗೆ ತಿಳಿಸಲು ಹೇಳಬೇಕು. ಇನ್ನು ನಾವೇ ಆಸ್ಪತ್ರೆಯ ಮಂಚದಲ್ಲಿರುವಾಗ, ಬೈಸಿಕೊಂಡ ಹುಡುಗಿ ಮದ್ದು ಹಿಡಿದು ಬಂದರೆ ಮುಖ ತಿರುಗಿಸುವುದು ಬೇಡ. "ಇದು ಯಾವ ಮಾತ್ರೆಯಮ್ಮ?" ಎಂದು ಸಮಾಧಾನದಿಂದ ಕೇಳೋಣ. ಅವಳು ಇನ್ನೊಮ್ಮೆ ಚೀಟಿ ನೋಡಿಕೊಳ್ಳುತ್ತಾಳೆ. ಅದರಿಂದ ಅವಳಿಗೂ ಒಳ್ಳೆಯದು, ನಮಗೂ ಒಳ್ಳೆಯದು.