ತಡೆಯುವವನು ಕಾರಣ ಹೇಳಬೇಕು

ರಾಜಾಜಿನಗರದ ಒಂದು ಮನೆ. ಉಮ್ರಾಕ್ಕೆ ಹೊರಡಬೇಕೆಂದಿರುವ ವೃದ್ಧ ದಂಪತಿ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ ಪೊಲೀಸ್ ತನಿಖೆಗಾಗಿ ಕಾದಿದ್ದಾರೆ. "ಸರಕಾರ ಕೊಟ್ಟರೆ ಹೋಗುವುದು, ಕೊಡದಿದ್ದರೆ ಕೇಳಲು ನಾವ್ಯಾರು?" ಎನ್ನುತ್ತಾರೆ ಹಿರಿಯರು. ನಮ್ಮಲ್ಲಿ ಹಲವರ ಭಾವನೆಯೂ ಇದೇ. ಆದರೆ ಪಾಸ್‌ಪೋರ್ಟ್ ಸರಕಾರದ ಔದಾರ್ಯವೇ?

ಅಲ್ಲವೆಂದು ನಮ್ಮದೇ ಮೈಸೂರು ಹೈಕೋರ್ಟ್ 1965ರಲ್ಲಿ ಸದಾಶಿವರಾವ್ ಪ್ರಕರಣದಲ್ಲಿ ಹೇಳಿತು. ವಿದೇಶ ಪ್ರಯಾಣವು ಸಂವಿಧಾನದ 21ನೇ ವಿಧಿ ನೀಡುವ ವೈಯಕ್ತಿಕ ಸ್ವಾತಂತ್ರ್ಯದ ಭಾಗ. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟಿನ ಬಹುಮತವೂ ಇದನ್ನೇ ಒಪ್ಪಿತು. ಪಾಸ್‌ಪೋರ್ಟ್ ನಿರಾಕರಿಸಲು ಆವರೆಗೆ ಕಾನೂನೇ ಇರಲಿಲ್ಲ, ಅಧಿಕಾರಿಯ ಇಚ್ಛೆಯೇ ಸಾಕಿತ್ತು. ಆ ಬಳಿಕ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು.

1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು 'ಸಾರ್ವಜನಿಕ ಹಿತ'ದ ಹೆಸರಿನಲ್ಲಿ ವಶಪಡಿಸಿಕೊಳ್ಳಲು ಸರಕಾರ ಮುಂದಾಯಿತು. ಕಾರಣ ಕೇಳಿದರೆ ಹೇಳಲಿಲ್ಲ. ಕಾನೂನು ಇದ್ದರಷ್ಟೇ ಸಾಲದು, ಅದರ ಕ್ರಮವೂ ನ್ಯಾಯಯುತವಾಗಿರಬೇಕು, ಬಾಧಿತರ ಮಾತನ್ನು ಕೇಳಬೇಕು ಎಂದು 1978ರ ಜನವರಿ 25ರಂದು ಏಳು ನ್ಯಾಯಾಧೀಶರ ಪೀಠ ಸಾರಿತು.

ಈ ನೀತಿ ನಮಗೆ ಹೊಸತಲ್ಲ. ಮಕ್ಕಾದ ಹಿಂಸೆ ತಾಳಲಾರದೆ ಅಬಿಸೀನಿಯಕ್ಕೆ ಹೋದ ಸಹಾಬಿಗಳನ್ನು ಮರಳಿ ಒಪ್ಪಿಸಬೇಕೆಂದು ಕುರೈಶರ ದೂತರು ಉಡುಗೊರೆಗಳೊಂದಿಗೆ ಬಂದರು. ದೊರೆ ನಜ್ಜಾಶಿ ಉಡುಗೊರೆಗೆ ಮರುಳಾಗಲಿಲ್ಲ. ವಲಸೆ ಬಂದವರನ್ನು ಕರೆಸಿ ಜಅಫರ್ ಬಿನ್ ಅಬೀ ತಾಲಿಬ್(ರ)ರ ಮಾತನ್ನು ಪೂರ್ತಿ ಕೇಳಿದ ಬಳಿಕವೇ ತೀರ್ಪು ನೀಡಿದ.

ಹಾಗೆಂದು ಪ್ರಯಾಣದ ಹಕ್ಕು ನ್ಯಾಯಾಲಯದಿಂದ ತಲೆಮರೆಸಿಕೊಳ್ಳುವ ದಾರಿಯಲ್ಲ. ಕ್ರಿಮಿನಲ್ ಮೊಕದ್ದಮೆ ಬಾಕಿ ಇರುವವನ ಪಾಸ್‌ಪೋರ್ಟನ್ನು ಕಾಯ್ದೆಯ ಪ್ರಕಾರ ತಡೆಹಿಡಿಯಬಹುದು. ಸಾಲ ತೀರಿಸದೆ ಹಜ್ಜ್‌ಗೆ ಹೊರಡುವುದು ನಮ್ಮಲ್ಲೂ ಮೆಚ್ಚುಗೆಯ ಮಾತಲ್ಲ.

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮ ಮನೆಯ ಕಪಾಟನ್ನೂ ಒಮ್ಮೆ ತೆರೆದು ನೋಡೋಣ. ಸೊಸೆಯ ಪಾಸ್‌ಪೋರ್ಟ್ ಅತ್ತೆಯ ಬೀಗದಲ್ಲಿ, ಕೆಲಸಗಾರನದ್ದು ಕಫೀಲನ ಪೆಟ್ಟಿಗೆಯಲ್ಲಿ ಇರುವುದುಂಟು. "ಯಾಕೆ?" ಎಂದರೆ ಉತ್ತರವಿಲ್ಲ. ಕಾರಣ ಹೇಳದ ಅಧಿಕಾರಿ ಅನ್ಯಾಯ ಮಾಡಿದನೆಂದಾದರೆ, ಕಾರಣ ಹೇಳದ ಯಜಮಾನ ಮಾಡಿದ್ದೇನು? ಅಧಿಕಾರವು ಅಮಾನತ್ತು. ಅದು ಕಚೇರಿಯಲ್ಲಿರಲಿ, ಮನೆಯಲ್ಲಿರಲಿ, ಅದರ ಲೆಕ್ಕವನ್ನು ಅಲ್ಲಾಹನ ಮುಂದೆ ಒಪ್ಪಿಸಲೇಬೇಕು.